ಮೊಳೆ ಕಾಣದ ಕಟಾಂಜನ

ಬಬಲೇಶ್ವರದ ಶಂಕ್ರೆಪ್ಪನ ಮನೆಯ ಮೆಟ್ಟಿಲಿಗೆ ನಾನು ಹಾಕಿದ ಕಟಾಂಜನ ಇನ್ನೂ ಇದೆ. ಬೇಕಾದರೆ ಹೋಗಿ ನೋಡಿ. ಕೆಳಗಿನ ಕಂಬದಿಂದ ಮೇಲಿನ ಖೋಲಿಯವರೆಗೆ ಸಾಗವಾನಿಯ ಕೈಹಿಡಿಯ ಮೇಲೆ ಅಂಗೈ ಜಾರಿಸಿಕೊಂಡು ಹತ್ತಿ. ಒಂದು ಮೊಳೆ, ಒಂದು ಸ್ಕ್ರೂ, ಕಬ್ಬಿಣದ ಒಂದು ಚೂರು ಕೈಗೆ ಹತ್ತಿದರೆ ನನ್ನ ಹೆಸರು ಗೊಲ್ಲಾಳಪ್ಪ ಬಡಿಗೇರ ಅಲ್ಲ. ನೋಡಿದವರೆಲ್ಲ ಇದು ಹೇಗೆ ನಿಂತಿದೆ ಎಂದು ಕೇಳುತ್ತಾರೆ. ಅದನ್ನು ಹೇಳಬೇಕಾದರೆ ಬಂದೇನವಾಜನ ಹೆಸರು ಎತ್ತಬೇಕು. ಆ ಹೆಸರು ಎತ್ತಿದರೆ ಇವತ್ತಿಗೂ ನನ್ನ ಬಾಯಿ ಕಹಿಯಾಗುತ್ತದೆ.

ಬಂದೇನವಾಜ ವಿಜಾಪುರದ ಇಬ್ರಾಹಿಂಪುರದವನು, ಲೋಹಾರ. ಕಲ್ಲಿನಲ್ಲಿ ಕುಳಿ ತೋಡಿ, ಅದರಲ್ಲಿ ಕಬ್ಬಿಣದ ಸರಳು ನಿಲ್ಲಿಸಿ, ಸುತ್ತ ಕರಗಿದ ಸೀಸ ಸುರಿದು ಕಲ್ಲು ಕಬ್ಬಿಣ ಎರಡನ್ನೂ ಒಂದು ಮಾಡುವ ಕೆಲಸ ಆತನಿಗೆ ಬರುತ್ತಿತ್ತು. ತನ್ನ ಅಜ್ಜಂದಿರು ಗೋಳಗುಮ್ಮಟಕ್ಕೆ ಸೀಸ ಹೊಯ್ದವರು ಎಂದು ಹೇಳಿಕೊಳ್ಳುತ್ತಿದ್ದ. ಗುಮ್ಮಟದ ಸುತ್ತ ಹತ್ತು ಹೆಜ್ಜೆ ಅಡ್ಡಾಡಿದರೆ ಅಂಥ ಅಜ್ಜಂದಿರ ಮೊಮ್ಮಕ್ಕಳು ನೂರು ಮಂದಿ ಸಿಗುತ್ತಾರೆ. ಆದರೆ ಕೆಲಸ ಬರುತ್ತಿದ್ದುದು ಮಾತ್ರ ಈತನೊಬ್ಬನಿಗೇ. ಸುಳ್ಳೇಕೆ ಹೇಳಲಿ.

ಒಂದು ಕಾಲಕ್ಕೆ ನಾವಿಬ್ಬರೂ ಕೂಡಿಯೇ ಕೆಲಸ ಹಿಡಿಯುತ್ತಿದ್ದೆವು. ಕಟ್ಟಿಗೆ ನನ್ನದು, ಕಬ್ಬಿಣ ಆತನದು. ಐವತ್ತೊಂದನೆಯ ಇಸವಿಯಲ್ಲಿ ತಿಕೋಟಾದ ಮಲಕಾಜಪ್ಪನ ವಾಡೆಗೆ ತಲೆಬಾಗಿಲು ಮಾಡಿಕೊಟ್ಟೆವು. ಎರಡಾಳು ಎತ್ತರದ ಬಾಗಿಲು, ನೋಡಲು ಊರೇ ಬಂದಿತ್ತು. ಬೇಸಿಗೆ ಮುಗಿಯುವ ಮೊದಲೇ, ಕದ ತಿರುಗಲು ಆತ ಹಾಕಿದ್ದ ಕಬ್ಬಿಣದ ಬಿಜಾಗರಿ ಕಟ್ಟಿಗೆಯಿಂದ ಕಿತ್ತುಬಂದು ಒಂದು ಕದ ಮಲಕಾಜಪ್ಪನ ಮೇಲೆಯೇ ಬಿತ್ತು. ಬಲಗಾಲು ಮುರಿಯಿತು. ಆಮೇಲೆ ಕೂಡಿಕೊಂಡಿತು, ಆದರೆ ಸೊಟ್ಟಗೆ ಕೂಡಿಕೊಂಡಿತು. ಚಾವಡಿಯಲ್ಲಿ ಹಿರಿಯರು ಕೂತು ಇಬ್ಬರನ್ನೂ ಕರೆಸಿದರು. ಬಿಜಾಗರಿ ಸರಿಯಿರಲಿಲ್ಲ ಎಂದು ನಾನು ಹೇಳಿದೆ. ಬಿಜಾಗರಿ ಹೇಗಿತ್ತೋ ಹಾಗೇ ಇದೆ, ಕಟ್ಟಿಗೆ ಹಸಿ ಇತ್ತು, ಒಣಗಿ ಕುಗ್ಗಿದ ಮೇಲೆ ಮೊಳೆ ಬಿಟ್ಟಿತು ಎಂದು ಆತ ಹೇಳಿದ. ಹಿರಿಯರು ಆಣೆ ಕೇಳಿದರು. ಬಡಿಗನ ಆಣೆ ಎಂದರೆ ಉಳಿಯನ್ನು ಹಣೆಗೆ ಹಚ್ಚಿಕೊಳ್ಳುವುದು. ಹಚ್ಚಿಕೊಂಡ ಮೇಲೆ ಯಾರೂ ಎದುರಾಡುವುದಿಲ್ಲ. ನಾನು ಹಚ್ಚಿಕೊಂಡೆ. ಅವತ್ತಿನಿಂದ ತಿಕೋಟಾದಲ್ಲಿ ಬಂದೇನವಾಜನಿಗೆ ಒಂದು ಕುಡಗೋಲು ತಟ್ಟುವ ಕೆಲಸವೂ ಸಿಗಲಿಲ್ಲ.

ಆತ ನನ್ನೊಡನೆ ಮಾತು ಬಿಟ್ಟ. ಬಿಟ್ಟರೆ ಬಿಡಲಿ ಎಂದು ನಾನೂ ಬಿಟ್ಟೆ. ಹೀಗೆ ಹನ್ನೊಂದು ವರ್ಷ. ಸಂತೆಯಲ್ಲಿ ಎದುರಾದರೆ ಕಂಬ ಅಡ್ಡ ಬಂದ ಹಾಗೆ ಸರಿದು ಹೋಗುತ್ತಿದ್ದೆವು. ಒಂದೇ ಮನೆಯಲ್ಲಿ ಕೆಲಸ ಬಿದ್ದರೆ ನಡುವೆ ಯಾರನ್ನಾದರೂ ನಿಲ್ಲಿಸಿಕೊಂಡು ಮಾತು ದಾಟಿಸುತ್ತಿದ್ದೆವು. ಆತನ ಬಾಯಲ್ಲಿ ನಾನು ‘ಆ ಮನಷ್ಯಾ’. ನನ್ನ ಬಾಯಲ್ಲಿ ಆತ ಅದೂ ಆಗಿರಲಿಲ್ಲ.

ಅರವತ್ತೆರಡರಲ್ಲಿ ಅರಳೆ ವ್ಯಾಪಾರಿ ಶಂಕ್ರೆಪ್ಪ ಬಬಲೇಶ್ವರದಲ್ಲಿ ಹೊಸ ಮನೆ ಕಟ್ಟಿಸಿದ. ಕೆಳಗೆ ಪಡಸಾಲೆ, ಮೇಲೆ ಗಾಳಿಗೆ ತೆರೆದ ದೊಡ್ಡ ಖೋಲಿ, ನಡುವೆ ಕರಿಕಲ್ಲಿನ ಮೆಟ್ಟಿಲು. ಶಂಕ್ರೆಪ್ಪನ ಹೆಂಡತಿ ಗುರುಬಾಯಿ ಮಲಕಾಜಪ್ಪನ ಖಾಸಾ ತಂಗಿ. ಮಗಳ ನಿಶ್ಚಯ ಮೇಲಿನ ಖೋಲಿಯಲ್ಲೇ ಆಗಬೇಕು, ತನ್ನ ಅಣ್ಣ ಯಾರ ಹೆಗಲನ್ನೂ ಹಿಡಿಯದೆ ತಾನೇ ಹತ್ತಿ ಬಂದು ಕೂಡಬೇಕು ಎಂಬುದು ಆಕೆಯ ಹಟ. ಅದಕ್ಕೆ ಕಟಾಂಜನ ಬೇಕಾಯಿತು. ಶಂಕ್ರೆಪ್ಪನಿಗೆ ಬೇರೆಯೇ ಹುಚ್ಚು. ಸೊಲ್ಲಾಪುರದ ಗಿರಣಿ ಮಾಲೀಕನ ಬಂಗಲೆಯಲ್ಲಿ ಮೊಳೆ ಕಾಣದ ಕಟಾಂಜನ ನೋಡಿ ಬಂದಿದ್ದ. ಅಂಥದ್ದೇ ಆಗಬೇಕು, ಹುಡುಕಿದರೂ ಕೀಲು ಸಿಗಬಾರದು ಎಂದ.

ಮಾಡುವ ರೀತಿ ಹೀಗೆ. ಮೊದಲ ಮೆಟ್ಟಿಲಲ್ಲಿ ದಪ್ಪ ಸರಳು, ಮೇಲಿನ ಹನ್ನೆರಡು ಮೆಟ್ಟಿಲಲ್ಲಿ ಸಣ್ಣ ಸರಳು, ಎಲ್ಲಕ್ಕೂ ಬುಡದಲ್ಲಿ ಸೀಸ. ನಡುವೆ ತೂತು ಕೊರೆದ ಕಟ್ಟಿಗೆಯ ಕಂಬಗಳನ್ನು ಸರಳುಗಳ ಮೇಲೆ ಟೊಪ್ಪಿಗೆಯ ಹಾಗೆ ಇಳಿಸುವುದು. ಸರಳುಗಳ ತುದಿಗಳನ್ನು ಕೂಡಿಸಲು ಕಬ್ಬಿಣದ ಪಟ್ಟಿ, ಪಟ್ಟಿಯ ಅಡಿಯಿಂದ ಸ್ಕ್ರೂ ಹಾಕಿ ಮೇಲಿನ ಕೈಹಿಡಿಯನ್ನು ಬಿಗಿದು, ಅಡಿಯನ್ನು ತೆಳು ಕಟ್ಟಿಗೆಯಿಂದ ಮುಚ್ಚುವುದು. ಕಡೆಗೆ ಕಾಣುವುದೆಲ್ಲ ನನ್ನ ಕಟ್ಟಿಗೆ, ಭಾರ ಹೊರುವುದೆಲ್ಲ ಆತನ ಕಬ್ಬಿಣ. ಈ ಮಾತನ್ನು ಆಗ ಯಾರಾದರೂ ಆಡಿದ್ದರೆ ಅವರ ಹಲ್ಲು ಉದುರಿಸುತ್ತಿದ್ದೆ.

ಬೇರೆ ಯಾರಿಗೂ ಸೀಸದ ಕೆಲಸ ಬಾರದ್ದರಿಂದ ಬಂದೇನವಾಜನನ್ನು ಕರೆಸಲೇಬೇಕಾಯಿತು. ಅಣ್ಣನ ಕಾಲು ಮುರಿದ ಲೋಹಾರ ಎಂದು ಗುರುಬಾಯಿ ಆತನನ್ನು ನೋಡಿದ ದಿನದಿಂದ ಉರಿಯುತ್ತಿದ್ದಳು. ನನಗೆ ದಿನಾ ತಂಬಿಗೆ ನೀರಿನ ಜೊತೆ ಬೆಲ್ಲದ ಚೂರು ಬರುತ್ತಿತ್ತು. ಆತ ನೀರು ಕೇಳಿದರೆ, ಬಾವಿ ಹಿತ್ತಲಲ್ಲಿದೆ ಎಂದು ಬೆರಳು ತೋರಿಸುತ್ತಿದ್ದಳು. ಆತ ಸೇದಿಕೊಂಡು ಕುಡಿದು ಬರುತ್ತಿದ್ದ. ನಾನು ಆ ಹೊತ್ತಿಗೆ ಸರಿಯಾಗಿ ಬೆಲ್ಲ ಬಾಯಿಗೆ ಹಾಕಿಕೊಂಡು ಕಟಕಟ ಕಡಿಯುತ್ತಿದ್ದೆ. ಅದರಲ್ಲಿ ನನಗೊಂದು ಸುಖವಿತ್ತು.

ಜಗಳ ಹತ್ತಿದ್ದು ಮೊದಲ ಕುಳಿಗೆ. ನಮ್ಮಲ್ಲಿ ಮನೆಯ ಕಂಬ ನಿಲ್ಲಿಸುವಾಗ ಅದರ ಕುಳಿಗೆ ಅರಿಸಿನ ಹಚ್ಚಿ ಹಾಲೆರೆಯುತ್ತಾರೆ. ಮನೆಯೊಡತಿ ಎರೆಯುತ್ತಾಳೆ, ಬಡಿಗ ಎರೆಸುತ್ತಾನೆ. ಅದು ಬಡಿಗನ ಹಕ್ಕು. ಕುಳಿ ತೋಡಿದ್ದು ತಾನು, ಅದು ತನ್ನದು ಎಂದು ಬಂದೇನವಾಜ ಗುರುಬಾಯಿಯ ಮೂಲಕ ಹೇಳಿಸಿದ. ನಿಲ್ಲುವುದು ಕಟ್ಟಿಗೆಯ ಕಂಬ, ಕಬ್ಬಿಣಕ್ಕೆ ಹಾಲೆರೆದದ್ದನ್ನು ನಮ್ಮಜ್ಜ ಕಂಡಿಲ್ಲ ಎಂದು ನಾನು ಹೇಳಿಸಿದೆ. ಆತ ಮತ್ತೆ ಕುಳಿ ತೋಡಲು ಬಗ್ಗಿದ. ಗೆದ್ದೆ ಎಂದುಕೊಂಡೆ.

ಐನೋರು ಶುಕ್ರವಾರ ಹನ್ನೆರಡರ ಮೇಲೆ ಮುಹೂರ್ತ ಹೇಳಿದ್ದರು. ಅವತ್ತು ಬೆಳಗ್ಗೆ ಬಂದೇನವಾಜ ಹದಿಮೂರೂ ಕುಳಿಗಳಿಗೆ ಕೆಂಪಗೆ ಕಾಯಿಸಿದ ಸರಳು ಇಳಿಸಿ, ಒಳಗಿನ ಪಸೆ ಆರಿಸಿ, ಬಾಯಿಗೆ ಚಿಂದಿ ತುರುಕಿ ಮುಚ್ಚಿದ. ಒಣಗಿಸಿದ ಕುಳಿಗೆ ಚಿಂದಿ, ಇದು ಆತನ ಗುರುತು. ಆಮೇಲೆ ಕೈಕಾಲು ತೊಳೆದುಕೊಂಡು ಜುಮ್ಮಾ ನಮಾಜಿಗೆ ಹೋದ. ಗುರುಬಾಯಿ ಹಾಲಿನ ತಂಬಿಗೆ ತಂದಳು. ನಾನು ಮೊದಲ ಕುಳಿಯ ಚಿಂದಿ ತೆಗೆದೆ. ಆಕೆ ನಾಲ್ಕು ಹನಿ ಬಿಟ್ಟು ಕೈ ಎತ್ತಿದಳು. ಇನ್ನಷ್ಟು ಎರೆಯಿರಿ ತಾಯಿ, ಜಿಪುಣತನ ಮಾಡಬೇಡಿ ಎಂದು ನಾನೇ ಹೇಳಿದೆ. ಇನ್ನಷ್ಟು ಎರೆದಳು. ಕಲ್ಲಿನ ಮೇಲೆ ಚೆಲ್ಲಿದ್ದನ್ನು ಒರೆಸಿದೆ, ಚಿಂದಿಯನ್ನು ಮೊದಲಿದ್ದ ಹಾಗೆ ತುರುಕಿದೆ. ಕೆಲಸಗಾರನ ಕೈ, ಎತ್ತಿದ್ದನ್ನು ಎತ್ತಿದಲ್ಲೇ ಇಡುತ್ತದೆ. ನಂಬುವವರು ನಂಬಿ.

ಸೀಸಕ್ಕೂ ನೀರಿಗೂ ಆಗಿಬರುವುದಿಲ್ಲ, ಹಸಿ ಕುಳಿಗೆ ಸುರಿದರೆ ಸೀಸ ತಿರುಗಿ ಮುಖಕ್ಕೇ ಹಾರುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಎಲ್ಲರ ಮುಂದೆ ಹೇಳಬಹುದಿತ್ತು. ಹೇಳಿಲ್ಲ. ಆತ ಬಂದ ಕೂಡಲೇ ಗುರುಬಾಯಿಯ ಕೈಯಿಂದ ಹೇಳಿಸೋಣ ಎಂದೇ ಇದ್ದೆ.

ಆತ ಬಂದ. ಮೆಟ್ಟಿಲ ಮೇಲಿನ ಅರಿಸಿನ ನೋಡಿದ, ಕುಳಿಯ ಬಾಯಲ್ಲಿ ಚಿಂದಿ ಇದ್ದ ಹಾಗೇ ಇರುವುದನ್ನೂ ನೋಡಿದ; ಹಾಲು ಕಲ್ಲಿನ ಮೇಲೆಯೇ ಬಿದ್ದಿದೆ ಎಂದುಕೊಂಡಿರಬೇಕು. ಗುರುಬಾಯಿ ತಂಬಿಗೆ ತೆಗೆದುಕೊಂಡು ಒಳಗೆ ಹೊರಟಿದ್ದಳು. ಆಕೆಯನ್ನು ನಿಲ್ಲಿಸಿ ಹೇಳಿದ: “ಆ ಮನಷ್ಯಾಗ ಹೇಳ್ರಿ ಬಾಯಿ, ಪೂಜಿ ಮುಗೀತು, ಇನ್ನ ದೂರ ನಿಂದರ್ಲಿ. ಕಲ್ಲು ಕಬ್ಬಣ ನನಗ ಬಿಡ್ಲಿ. ಈ ಸಲನರ ಕಟ್ಟಿಗಿ ಒಣಗಿದ್ದು ತಂದಾನೋ, ಇಲ್ಲ ಹಸೀದ ತಂದಾನೋ, ಅದನ್ನೂ ಕೇಳ್ರಿ.”

ಗುರುಬಾಯಿ ಮುಖ ಸಿಂಡರಿಸಿ ಒಳಗೆ ಹೋದಳು. ನನ್ನ ಮೈಗೆಲ್ಲ ಬೆಂಕಿ ಬಿದ್ದಂತಾಯಿತು. ನಿನ್ನ ಕಲ್ಲು ನಿನ್ನ ಕಬ್ಬಿಣ ತಾನೇ, ನೀನೇ ನೋಡಿಕೋ ಎಂದು ಬಾಯಿ ಮುಚ್ಚಿದೆ. ಶಂಕ್ರೆಪ್ಪ ಅಂಗಡಿಗೆ ಹೋಗಿದ್ದ. ಮೆಟ್ಟಿಲ ಬುಡದಲ್ಲಿ ನಾವಿಬ್ಬರೇ. ಶೆಗಡಿಯ ಮೇಲೆ ಸೀಸ ಕರಗಲು ಅರ್ಧ ತಾಸು ಹಿಡಿಯಿತು. ಅಷ್ಟು ಹೊತ್ತೂ ನಾನು ಕೈಹಿಡಿಗೆ ರಂದಾ ಹೊಡೆಯುತ್ತ ಕೂತೆ. ಹೇಳಬೇಕು ಎನ್ನಿಸುತ್ತಿತ್ತು, ಹಸಿ ಕಟ್ಟಿಗೆ ಎಂದನಲ್ಲ ಎಂದು ನೆನೆದು ಇನ್ನೊಂದು ಸಲ ರಂದಾ ಎಳೆಯುತ್ತಿದ್ದೆ. ರಂದಾದ ಹೊಟ್ಟು ಮೊಣಕಾಲವರೆಗೆ ಬಿದ್ದಿತ್ತು. ಅಷ್ಟು ತೆಗೆಯುವುದು ಬೇಕಿರಲಿಲ್ಲ.

ಆತ ಮೊದಲ ಕುಳಿಯ ಚಿಂದಿ ಕಿತ್ತು, ನೋಡದೆ, ಹಿಂದಕ್ಕೆ ಎಸೆದ. ಸರಳು ಇಳಿಸಿ, ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ನೋಡಿ ನೆಟ್ಟಗೆ ಮಾಡಿದ. ಸೌಟು ತುಂಬಿಕೊಂಡು ಬಗ್ಗಿದ. ಆಗ ನನಗೆ ತಡೆಯಲಾಗಲಿಲ್ಲ.

“ಬಂದೇನವಾಜ, ಸುರೀಬ್ಯಾಡ. ಒಳಗ ಹಾಲೈತಿ.”

ಹನ್ನೊಂದು ವರ್ಷದ ಮೇಲೆ ಆತನಿಗೆ ನಾನು ಆಡಿದ ಮೊದಲ ಮಾತು ಅದು. ಸೌಟು ಒಂದು ಗಳಿಗೆ ನಿಂತಿತು. ನಿಂತಿದ್ದನ್ನು ನನ್ನ ಕಣ್ಣಾರೆ ಕಂಡೆ. ಆತ ತಲೆ ತಿರುಗಿಸಲಿಲ್ಲ. ಸುರಿದ.

ಢಪ್ ಎಂದಿತು. ಬೆಳ್ಳಗಿನ ಹೊಗೆ ಎದ್ದಿತು. ಆತ ಮುಖ ಮುಚ್ಚಿಕೊಂಡು ಕುಸಿದ. ನಾನು ಓಡಿ ಹೋಗಿ ಎತ್ತಲು ಕೈ ಹಾಕಿದರೆ, ಅಷ್ಟು ನೋವಿನಲ್ಲೂ ನನ್ನ ಕೈ ಅಂತ ಗುರುತು ಹಿಡಿದು ದಬ್ಬಿಬಿಟ್ಟ. ಅರಳೆ ಲಾರಿಯಲ್ಲಿ ವಿಜಾಪುರಕ್ಕೆ ಒಯ್ದರು. ಎಡಗಣ್ಣು ಹೋಯಿತು.

ಸಂಜೆಯೊಳಗೆ ಊರಿಗೆಲ್ಲ ಒಂದೇ ಮಾತು. ಇನ್ನಷ್ಟು ಎರೆಯಿರಿ ಎಂದವನು ಗೊಲ್ಲಾಳಪ್ಪ, ಚಿಂದಿ ತುರುಕಿ ಮುಚ್ಚಿದವನು ಗೊಲ್ಲಾಳಪ್ಪ, ವೈರ ಇದ್ದದ್ದು ಗೊಲ್ಲಾಳಪ್ಪನಿಗೆ. ಗುರುಬಾಯಿ ಕಂಡದ್ದನ್ನು ಕಂಡಂತೆ ಹೇಳಿದ್ದಳು, ಸುಳ್ಳೇನೂ ಹೇಳಿರಲಿಲ್ಲ. ನಾನು ಕೂಗಿ ಹೇಳಿದ್ದೆ ಎಂದರೆ ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಹನ್ನೊಂದು ವರ್ಷ ಮಾತಾಡದವನು ಅವತ್ತೇ ಮಾತಾಡಿದೆಯಾ ಎಂದು ಒಬ್ಬ ಮುಖದ ಮೇಲೆಯೇ ಕೇಳಿದ. ಒಪ್ಪಿಕೊಂಡಿದ್ದ ಎರಡು ಕೆಲಸ ಕೈಬಿಟ್ಟು ಹೋದವು. ಕಾಖಂಡಕಿಯವರು ಕೆತ್ತಿಟ್ಟ ಚೌಕಟ್ಟನ್ನೂ ಬೇಡವೆಂದರು. ಕಣ್ಣು ತೆಗೆದ ಕೈಯಿಂದ ಬಾಗಿಲು ಮಾಡಿಸಿದರೆ ಮನೆಗೆ ಒಳ್ಳೆಯದಲ್ಲವಂತೆ. ನಾನು ಕೂಗಿದ್ದು ನಿಜ ಎಂದು ಹೇಳಬಲ್ಲವನು ಜಗತ್ತಿನಲ್ಲಿ ಒಬ್ಬನೇ ಇದ್ದ. ಆತ ಅದನ್ನು ಹೇಳದಿದ್ದರೆ ನಾನು ಉಳಿ ಹಿಡಿಯುವುದು ಅಲ್ಲಿಗೇ ಮುಗಿಯಿತು.

ನಾಚಿಕೆ ಬಿಟ್ಟು ಇಬ್ರಾಹಿಂಪುರಕ್ಕೆ ಹೋದೆ. ಆತನ ಹೆಂಡತಿ ಮುಮತಾಜ ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಕೆಮ್ಮು ಕೇಳುತ್ತಿತ್ತು, ಅಂದರೆ ಆತನಿಗೂ ನನ್ನ ದನಿ ಕೇಳುತ್ತಿತ್ತು. ಏನು ಕೇಳುವುದಿದ್ದರೂ ನಾಲ್ಕು ಜನರ ಮುಂದೆ ಕೇಳಬೇಕಂತೆ, ಹಿಂದಿನ ಸಲವೂ ನಾಲ್ಕು ಜನರ ಮುಂದೆಯೇ ಆಗಿತ್ತಲ್ಲ ಎಂದಳು. ಬಾಗಿಲು ಹಾಕಿಕೊಂಡಳು.

ನಲವತ್ತು ದಿನವಾದ ಮೇಲೆ ಮಲಕಾಜಪ್ಪ ತಿಕೋಟಾದಿಂದ ಬಂದು ಶಂಕ್ರೆಪ್ಪನ ಪಡಸಾಲೆಯಲ್ಲಿ ಕೂತು ಇಬ್ಬರನ್ನೂ ಕರೆಸಿದ. ಮೇಲಿನ ಖೋಲಿಗೆ ಹತ್ತಲಾರದೆ ಕೆಳಗೇ ಕೂತಿದ್ದ, ಬಡಿಗೆ ತೊಡೆಯ ಮೇಲಿತ್ತು. ಶಂಕ್ರೆಪ್ಪ, ಗುರುಬಾಯಿ, ಊರಿನ ನಾಲ್ಕು ಹಿರಿಯರು. ಬಂದೇನವಾಜ ಎಡಗಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಂದು ಕೂತ. ಗೊಲ್ಲಾಳಪ್ಪ ನಿನಗೆ ಮೊದಲೇ ಎಚ್ಚರ ಹೇಳಿದ್ದನೋ ಇಲ್ಲವೋ ಎಂದು ಮಲಕಾಜಪ್ಪ ಕೇಳಿದ. ಇಲ್ಲ ಎನ್ನುತ್ತಾನೆ ಎಂದು ನಾನು ಕಾಯುತ್ತಿದ್ದೆ. ನಾನಾಗಿದ್ದರೆ ಇಲ್ಲ ಎನ್ನುತ್ತಿದ್ದೆ.

“ಹೇಳಿದ್ದಾರಿ,” ಎಂದ ಬಂದೇನವಾಜ. “ಹಾಲೈತಿ, ಸುರೀಬ್ಯಾಡ ಅಂದ. ನನಗ ಸ್ವಚ್ಛ ಕೇಳ್ತು.”

ಪಡಸಾಲೆಯಲ್ಲಿ ಗುಜುಗುಜು ಎದ್ದಿತು. ಕೇಳಿಯೂ ಯಾಕೆ ಸುರಿದೆ, ಹುಚ್ಚೇ ಎಂದು ಶಂಕ್ರೆಪ್ಪ ಕೇಳಿದ.

“ಮುಹೂರ್ತ ಕೆಡಸಾಕ, ನನ್ನ ಕೈ ತಡ್ಯಾಕ ಸುಳ್ಳ ಹೇಳ್ತಾನಂತ ತಿಳಕೊಂಡೆ. ಒಮ್ಮೆ ಉಳಿ ಹಣಿಗಿ ಹಚಗೊಂಡು ಸುಳ್ಳ ಹೇಳಿದಾಂವರಿ ಈತ. ಆವತ್ತ ಎಲ್ಲಾರೂ ಖರೇ ಅಂದ್ರು. ಈ ಸಲ ಖರೇನ ಹೇಳ್ಯಾನ, ನಾನು ಸುಳ್ಳ ಅಂದೆ. ತಪ್ಪು ನಂದು. ಬರಕೋರಿ.”

ಮಲಕಾಜಪ್ಪ ನನ್ನ ಕಡೆ ತಿರುಗಿದ. ಆಗಲೇ ನನ್ನ ತಲೆಯ ಮೇಲಿನ ಅಪವಾದ ಇಳಿದಿತ್ತು. ಹಳೆಯ ಮಾತು ಈಗೇಕೆ, ಆಣೆ ಮಾಡಿ ಆಗಿದೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೈ ಮುಗಿದು ಎದ್ದು ಬರಬಹುದಿತ್ತು. ಆದರೆ ನನ್ನನ್ನು ಉಳಿಸಿದವನು ಆತ, ಸಾಯುವವರೆಗೆ ನಾನು ಆತನ ಋಣದಲ್ಲಿರಬೇಕು ಎಂಬುದು ನನಗೆ ಸಹಿಸಲಾಗಲಿಲ್ಲ. ಇದನ್ನು ಯಾರಾದರೂ ಧರ್ಮಬುದ್ಧಿ ಎಂದರೆ ನಗು ಬರುತ್ತದೆ. ಸಿಟ್ಟಿನಿಂದ ಹೇಳಿದೆ.

“ಕಟ್ಟಿಗಿ ಹಸಿ ಇತ್ತರಿ,” ಎಂದೆ. “ಒಣಗಿದ್ದು ಸಾಲಲಿಲ್ಲ. ಬಿಜಾಗರಿ ಕೂಡೋ ಪಟ್ಟಿ ಕೊಯ್ದು ಒಂದ ತಿಂಗಳಾಗಿತ್ತು. ನನಗ ಗೊತ್ತಿತ್ತು.”

ಮಲಕಾಜಪ್ಪ ತನ್ನ ಸೊಟ್ಟ ಕಾಲನ್ನು ಕೈಯಿಂದ ಹಿಡಿದು ಎತ್ತಿ ಸರಿಯಾಗಿ ಇಟ್ಟುಕೊಂಡ. ಬಂದೇನವಾಜ ನನ್ನ ಕಡೆ ನೋಡಲಿಲ್ಲ. ಹನ್ನೊಂದು ವರ್ಷ ಕಾಯ್ದ ಮಾತು ಕಿವಿಗೆ ಬಿದ್ದರೂ ಆತನ ಮುಖದಲ್ಲಿ ಒಂದು ಗೆರೆ ಸಡಿಲಾಗಲಿಲ್ಲ. ಮಲಕಾಜಪ್ಪ, ಇಬ್ಬರೂ ಕೂಡಿ ಈ ಕೆಲಸ ಮುಗಿಸಬೇಕು, ಮುಗಿದ ಮೇಲೆ ಗೊಲ್ಲಾಳಪ್ಪ ತನ್ನ ಕಣ್ಣಿಗೆ ಬೀಳಬಾರದು ಎಂದ. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ.

ಮರುದಿನ ಕೆಲಸ ಹತ್ತಿತು. ಗುರುಬಾಯಿ ನೀರು ತಂದಳು, ಬೆಲ್ಲದ ಚೂರಿನ ಜೊತೆ. ಬಂದೇನವಾಜನ ಮುಂದೆ ಇಟ್ಟು ಹೋದಳು. ಆತ ನೀರು ಕುಡಿದ, ಬೆಲ್ಲ ಮುಟ್ಟಲಿಲ್ಲ. ನಾನು ಹಿತ್ತಲಿಗೆ ಹೋಗಿ ಬಾವಿ ಸೇದಿಕೊಂಡೆ. ಹಗ್ಗ ಒರಟಾಗಿತ್ತು.

ಒಡೆದುಹೋಗಿದ್ದ ಮೊದಲ ಕುಳಿಯನ್ನು ಆತ ಮತ್ತೆ ತೋಡಿದ. ಹದಿಮೂರಕ್ಕೂ ಕಾಯ್ದ ಸರಳು ಇಳಿಸಿ ಆರಿಸಿದ. ಚಿಂದಿ ಮಾತ್ರ ತುರುಕಲಿಲ್ಲ. ಸೀಸ ಕರಗಿತು. ಸೌಟು ಕೈಗೆ ತೆಗೆದುಕೊಂಡು ಮೊದಲ ಮೆಟ್ಟಿಲ ಹತ್ತಿರ ಮಂಡಿ ಊರಿದ. ಕುಳಿಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಗುರುಬಾಯಿಗೆ ಹೇಳಿದ: “ಆ ಮನಷ್ಯಾನ್ನ ಕೇಳ್ರಿ ಬಾಯಿ. ಕುಳಿ ಒಣಗೇತೇನು?”

ಗುರುಬಾಯಿಗೂ ನನ್ನೊಡನೆ ಮಾತು ಬೇಕಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೇಳಿದಳು. ನಾನು ಬಗ್ಗಿ ಕುಳಿಗೆ ಬೆರಳು ಹಾಕಿದೆ. ಬುಡ ತಡವಿದೆ, ಸುತ್ತ ತಡವಿದೆ. ಒಳಗೆ ಕಲ್ಲು ಇನ್ನೂ ಬೆಚ್ಚಗಿತ್ತು. ನಂಬಿಕೆ ಬಾರದೆ ಅಂಗಿಯ ಚುಂಗನ್ನು ಬೆರಳಿಗೆ ಸುತ್ತಿ ಮತ್ತೊಮ್ಮೆ ಒರೆಸಿ ನೋಡಿದೆ. ಆತ ಸೌಟು ಹಿಡಿದುಕೊಂಡು ಕಾಯುತ್ತಿದ್ದ.

“ಒಣಗೇತಿ,” ಎಂದೆ.

ಆತ ಸರಳು ಇಳಿಸಿ, ಸೌಟು ತುಂಬಿಕೊಂಡು, ಉಳಿದ ಒಂದೇ ಕಣ್ಣನ್ನು ಕುಳಿಯ ಬಾಯಿಗೆ ಗೇಣು ದೂರಕ್ಕೆ ತಂದು, ಸುರಿದ. ಸೀಸ ಸದ್ದಿಲ್ಲದೆ ಒಳಗೆ ಇಳಿಯಿತು. ಆಮೇಲೆ ಎರಡನೆಯ ಮೆಟ್ಟಿಲು. ಅದೇ ಪ್ರಶ್ನೆ, ಗುರುಬಾಯಿಯ ಬಾಯಿಂದ. ಮತ್ತೆ ನಾನು ಬೆರಳು ಹಾಕಬೇಕು, ಮತ್ತೆ ನಾನೇ ಹೇಳಬೇಕು. ಐದನೆಯದನ್ನು ಮೂರು ಸಲ ಒರೆಸಿ ನೋಡಿದೆ. ಒಂಬತ್ತನೆಯದಕ್ಕೆ, ನೀನೇ ನೋಡಿಕೋ ಮಾರಾಯ ಎಂದು ಕೂಗಬೇಕೆನ್ನಿಸಿತು, ಕೂಗಲಿಲ್ಲ. ಆತ ಕಾಯುತ್ತಿದ್ದ, ನಾನು ಹೇಳುತ್ತಿದ್ದೆ, ಆತ ಬಗ್ಗುತ್ತಿದ್ದ. ಹೀಗೆ ಹದಿಮೂರು ಸಲ ಒಣಗೇತಿ ಎಂದೆ. ಒಂದು ಸಲವೂ ಆತ ತಾನು ಬೆರಳು ಹಾಕಿ ನೋಡಲಿಲ್ಲ.